ಕೆಂರೆಕ್ಕೆಗೆ ದಾರಿ ಬಿಡಿಸಿದ ಹೊಳೆ ಮೇಡಂ

ನದಿಯ ಮೀನುಗಳ ಅಧ್ಯಯನವೆಂದರೆ ಸತ್ತ ಮೀನನ್ನು ಗಾಜಿನ ಶೀಸೆಯಲ್ಲಿಟ್ಟು, ಹೆಸರಿನ ಚೀಟಿ ಅಂಟಿಸಿ, ಕಪಾಟಿನ ಬಾಗಿಲು ಹಾಕುವುದಷ್ಟೇ ಎಂದು ವಿದ್ವಾಂಸರೂ ತಿಳಿದಿದ್ದ ಕಾಲವೊಂದಿತ್ತು. ಬದುಕಿರುವ ಮೀನು ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಏಕೆ ಹೋಗುತ್ತದೆ, ಹೋಗಲಾಗದಿದ್ದರೆ ಅದರ ಗತಿಯೇನು ಎಂಬ ಪ್ರಶ್ನೆಗಳನ್ನು ಸೊಂಟಮಟ್ಟದ ನೀರಿನಲ್ಲಿ ನಿಂತು ಕೇಳಿದವರು, ಕೇಳಿದ ಮೇಲೆ ಉತ್ತರ ಸಿಗುವವರೆಗೆ ದಡಕ್ಕೆ ಬರಲು ಒಪ್ಪದವರು, ನಮ್ಮ ನದಿ ಅಧ್ಯಯನ ಕೇಂದ್ರದ ನಿರ್ದೇಶಕರಾಗಿ ಇದೀಗ ನಿವೃತ್ತರಾಗುತ್ತಿರುವ ಮೇಡಂ ಅವರು. ಅವರಿಗೆ ಮನೆಯವರಿಟ್ಟ ಹೆಸರೊಂದು, ಪದವಿಗಳು ತಂದ ಬಿರುದು ಹಲವು. ಆದರೆ ಪೇಟೆಯ ತರಕಾರಿ ಅಂಗಡಿಯಿಂದ ಹಿಡಿದು ಸಚಿವಾಲಯದ ಮೊಗಸಾಲೆಯವರೆಗೆ ಎಲ್ಲರ ಬಾಯಲ್ಲೂ ಅವರು ಹೊಳೆ ಮೇಡಂ. ನಾಡಿನ ಸ್ವಂತ ಮೀನುಗಳ ಉಳಿವಿನ ಮಾತು ಬಂದಲ್ಲೆಲ್ಲ ಅವರ ಕೆಲಸದ ಮಾತೂ ಬರುತ್ತದೆ. ಅವರ ಕೈಕೆಳಗೆ ಬಲೆ ಎಳೆದು, ಬೈಸಿಕೊಂಡು, ನಕ್ಕು, ಕಲಿತ ನಮ್ಮಂಥವರಿಗೆ ಆ ಕೆಲಸದ ಹಿಂದಿನ ಕಥೆಯನ್ನು ಈ ಅಭಿನಂದನ ಸಂಪುಟದಲ್ಲಿ ಹೇಳುವ ಅವಕಾಶ ಸಿಕ್ಕಿರುವುದು ಭಾಗ್ಯವೇ ಸರಿ.

ಇಷ್ಟೆಲ್ಲ ಆದರೂ ಮೇಡಂ ಹೊಳೆಯ ಮಗಳೇನೂ ಅಲ್ಲ. ಹುಟ್ಟಿ ಬೆಳೆದದ್ದು ಪೇಟೆಯ ಇಕ್ಕಟ್ಟಾದ ಬೀದಿಯೊಂದರಲ್ಲಿ. ಕೆಳಗೆ ತಂದೆಯವರ ಹೊಲಿಗೆ ಅಂಗಡಿ, ಮೇಲೆ ಎರಡು ಕೋಣೆಯ ಮನೆ. ಹಗಲಿಡೀ ಹೊಲಿಗೆ ಯಂತ್ರದ ಸದ್ದು ಮಹಡಿಯ ನೆಲದ ಮೂಲಕ ಅಂಗಾಲಿಗೆ ತಾಗುತ್ತಿತ್ತು. ನೀರೆಂದರೆ ನಲ್ಲಿಯಲ್ಲಿ ಬರುವಂಥದ್ದು, ಮೀನೆಂದರೆ ಸಂತೆಯ ಬುಟ್ಟಿಯಲ್ಲಿ ಮಲಗಿರುವಂಥದ್ದು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪ್ರಯೋಗಾಲಯದಲ್ಲಿ ಮೀನಿನ ಮೈಮೇಲಿನ ಹುರುಪೆಯೊಂದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದ ದಿನ ಅವರ ದಾರಿ ತಿರುಗಿತು. ಮರದ ಕಾಂಡದಲ್ಲಿರುವಂತೆ ಆ ಹುರುಪೆಯಲ್ಲೂ ವರ್ಷ ವರ್ಷದ ಬೆಳವಣಿಗೆ ಉಂಗುರ ಉಂಗುರವಾಗಿ ಮೂಡಿತ್ತು. ಎಣಿಸಿದರೆ ಮೀನಿನ ವಯಸ್ಸು ಗೊತ್ತಾಗುತ್ತಿತ್ತು. “ವಯಸ್ಸು ಮುಚ್ಚಿಡೋಕೆ ಬರದ ಪ್ರಾಣಿ ಪ್ರಪಂಚದಲ್ಲಿ ಇದೊಂದೇ ಇರಬೇಕು” ಎಂದು ಗೆಳತಿಯರ ನಡುವೆ ನಕ್ಕ ಆ ಹುಡುಗಿ, ಮರುದಿನ ಮತ್ತೆ ಅದೇ ಬೆಂಚಿಗೆ ಬಂದು ಕೂತಳು. ಅದರ ಮರುದಿನವೂ ಕೂತಳು.

ನಮ್ಮ ಕೇಂದ್ರದ ಸಂದರ್ಶನಕ್ಕೆ ಬಂದಾಗ ಅಂದಿನ ನಿರ್ದೇಶಕರು ಅವರ ಅಂಕಪಟ್ಟಿಯನ್ನು ಮೆಚ್ಚಿ, ಕೊನೆಗೆ ಒಂದು ಮಾತು ಕೇಳಿದರಂತೆ: “ಎಲ್ಲ ಸರಿ, ಈಜು ಬರುತ್ತೇನಮ್ಮಾ?” ಬರುವುದಿಲ್ಲವೆಂದರೆ ಕೆಲಸ ಹೋಯಿತು, ಬರುತ್ತದೆಂದರೆ ಸುಳ್ಳು. “ಕೆಲಸಕ್ಕೆ ಸೇರೋ ಹೊತ್ತಿಗೆ ಬರುತ್ತೆ ಸರ್” ಎಂದರು ಇವರು. ಉತ್ತರ ಕೇಳಿ ನಿರ್ದೇಶಕರು ನಕ್ಕುಬಿಟ್ಟರು. ಕೊಟ್ಟ ಮಾತಿಗೆ ತಪ್ಪಬಾರದಲ್ಲ, ಪೇಟೆಯ ಈಜುಕೊಳದಲ್ಲಿ ದೊಡ್ಡವರ ತರಗತಿ ಆಗ ಇರಲಿಲ್ಲವಾದ್ದರಿಂದ ಮಕ್ಕಳ ತರಗತಿಗೇ ಸೇರಿಕೊಂಡರು. ಸ್ನಾತಕೋತ್ತರ ಪದವಿ ಪಡೆದ ಹೆಣ್ಣುಮಗಳು, ಹಲ್ಲು ಬಿದ್ದ ಬೊಚ್ಚುಬಾಯಿಯ ಮಕ್ಕಳ ಸಾಲಿನಲ್ಲಿ, ಬಾತುಕೋಳಿಯ ಚಿತ್ರವಿದ್ದ ತೇಲುಹಲಗೆ ಹಿಡಿದು ಕಾಲು ಬಡಿಯುವ ದೃಶ್ಯವನ್ನು ನೋಡಲು ತಾಯಿಯವರೂ ಒಮ್ಮೆ ಹೋಗಿದ್ದರು. ಬಂದವರು ಗಂಡನ ಮುಂದೆ ನಿಂತು ಹೇಳಿದರು: “ಇಷ್ಟು ಓದಿಸಿದ್ದು ಇದಕ್ಕೇನ್ರೀ? ಎಲ್ಲರ ಮಕ್ಕಳೂ ಕುರ್ಚಿ ಮೇಲೆ ಕೂರೋ ಕೆಲಸ ಹುಡುಕಿದ್ರೆ ಇವಳು ಮುಳುಗೋ ಕೆಲಸ ಹುಡುಕಿದ್ದಾಳೆ.” ತಂದೆಯವರು ಬಾಯಲ್ಲಿ ಗುಂಡುಸೂಜಿ ಕಚ್ಚಿದ್ದರಿಂದ ಉತ್ತರ ಕೊಡುವ ಕಷ್ಟ ಅವರಿಗೆ ಬರಲಿಲ್ಲ.

ಆ ದಿನಗಳಲ್ಲಿ ಹೊಳೆಗಿಳಿಯಲು ಕೇಂದ್ರದಲ್ಲಿದ್ದ ರಬ್ಬರು ಉಡುಪುಗಳೆಲ್ಲ ಆರಡಿ ಗಂಡಸರ ಅಳತೆಯವು. ಕಾಲಿನಿಂದ ಎದೆಯವರೆಗೆ ಬರುವ ಆ ಉಡುಪನ್ನು ಮೇಡಂ ಹಾಕಿಕೊಂಡರೆ ಅದು ಗಲ್ಲದವರೆಗೆ ಬಂದು ಬೆನ್ನ ಹಿಂದೆ ಇನ್ನೊಬ್ಬರು ಕೂರುವಷ್ಟು ಜಾಗ ಉಳಿಯುತ್ತಿತ್ತು. ಮಗಳ ಪಾಡು ನೋಡಲಾರದೆ ತಂದೆಯವರು ಅದನ್ನು ಅಂಗಡಿಗೆ ತರಿಸಿಕೊಂಡು, ಬದಿಗಳನ್ನು ಕತ್ತರಿಸಿ, ಮೈಗೆ ಒಪ್ಪುವಂತೆ ಅಚ್ಚುಕಟ್ಟಾಗಿ ಹೊಲಿದುಕೊಟ್ಟರು. ಹೊಲಿಗೆಯೇನೋ ಕಣ್ಣಿಗೆ ಹಬ್ಬ. ಹೊಳೆಗಿಳಿದ ಕೂಡಲೇ ಸೂಜಿ ಚುಚ್ಚಿದ ತೂತು ತೂತಿನಿಂದಲೂ ನೀರು ಒಳಗೆ ಚಿಮ್ಮಿ, ಮೇಡಂ ತುಂಬಿದ ಕೊಡದಂತಾದರು. ನಾಲ್ಕು ಜನ ಸೇರಿ ಅವರನ್ನು ದಡಕ್ಕೆಳೆದು ಬೋರಲು ಹಾಕಿ ನೀರು ಬಗ್ಗಿಸಬೇಕಾಯಿತು. ಕೊನೆಗೆ ಬೀದಿಯ ತುದಿಯ ಸೈಕಲ್ ಅಂಗಡಿಯವನು ಹೊಲಿಗೆಯುದ್ದಕ್ಕೂ ಪಂಕ್ಚರಿನ ತೇಪೆ ಹಾಕಿ ಕೆಲಸ ಮುಗಿಸಿದ. ದರ್ಜಿಯೂ ಸೈಕಲ್ ಅಂಗಡಿಯವನೂ ಕೂಡಿ ಹೊಲಿದ ಆ ಉಡುಪಿನಲ್ಲೇ ನಮ್ಮ ಮೇಡಂ ಅವರ ವೃತ್ತಿಜೀವನ ಆರಂಭವಾಯಿತು.

ಅವರಿಗೆ ವಹಿಸಿದ್ದು ಕೆಂರೆಕ್ಕೆ ಎಂದು ಜನ ಕರೆಯುವ ಮೀನು. ಮೊಣಕೈಯುದ್ದ ಬೆಳೆಯುವ, ಬೆಳ್ಳಿಮೈಯ, ಈಜುರೆಕ್ಕೆಗಳಿಗೆ ಮಾತ್ರ ಕುಂಕುಮದಂಥ ಕೆಂಪು ಹತ್ತಿದ ಈ ಮೀನು ಆ ಹೊಳೆಯಲ್ಲಲ್ಲದೆ ಬೇರೆಲ್ಲೂ ಇಲ್ಲ. ಹೊಳೆಯ ನಡುಭಾಗದಲ್ಲಿ, ಪೇಟೆಗೆ ಕುಡಿಯುವ ನೀರು ತಿರುಗಿಸಲೆಂದು ಹಿಂದಿನವರು ಕಟ್ಟಿದ ಕಲ್ಲಿನ ಅಡ್ಡಗಟ್ಟೆಯೊಂದಿದೆ. ಅದರ ಕೆಳಗೆ ಮೇಡಂ ಬಲೆ ಹಾಕಿದಾಗಲೆಲ್ಲ ಸಿಗುತ್ತಿದ್ದುದು ದೊಡ್ಡ ದೊಡ್ಡ ಮೀನುಗಳೇ. ದಂಡೆಯಲ್ಲಿ ನಿಂತ ಬೆಸ್ತರು ಖುಷಿಯಿಂದ, “ನೋಡಿದ್ರಾ ಮೇಡಂ, ಎಂಥ ಮೀನು! ಈ ಹೊಳೆಗೆ ಏನೂ ಆಗಿಲ್ಲ” ಎನ್ನುತ್ತಿದ್ದರು. ಕೇಂದ್ರದ ಹಿರಿಯರೂ ಅದನ್ನೇ ವರದಿಯಲ್ಲಿ ಬರೆದಿದ್ದರು. ಮೇಡಂ ಮಾತ್ರ ಪ್ರತಿ ಮೀನಿನಿಂದಲೂ ಒಂದು ಹುರುಪೆ ಕಿತ್ತುಕೊಂಡು ಮೀನನ್ನು ನೀರಿಗೆ ಬಿಟ್ಟು, ಕೋಣೆಗೆ ಬಂದು ಉಂಗುರ ಎಣಿಸಿದರು. ಎಲ್ಲವೂ ಮುದಿ ಮೀನುಗಳು. ಬಲೆಯ ಕಣ್ಣು ಸಣ್ಣದು ಮಾಡಿ ಹುಡುಕಿದರು, ಕಲ್ಲಿನ ಸಂದಿಯಲ್ಲಿ ಹುಡುಕಿದರು, ಜೊಂಡಿನ ಬುಡದಲ್ಲಿ ಹುಡುಕಿದರು. ಬೆರಳುದ್ದದ ಒಂದೇ ಒಂದು ಮರಿಯೂ ಸಿಗಲಿಲ್ಲ.

ಅಂದು ಸಂಜೆ ಅವರು ನಿರ್ದೇಶಕರ ಕೋಣೆಗೆ ಹೋದರು. ನಿರ್ದೇಶಕರು ಒಳ್ಳೆಯವರು, ಗುಲಾಬಿಯ ಹುಚ್ಚಿನವರು. ಕೇಂದ್ರದ ಮುಂದಿನ ಅಂಗಳದ ಗುಲಾಬಿ ತೋಟ ಅವರ ಪ್ರಾಣ, ಆ ಕಾರಣಕ್ಕೇ ಅವರನ್ನು ಬೆನ್ನ ಹಿಂದೆ ಎಲ್ಲರೂ ಗುಲಾಬಿ ಸಾಹೇಬರೆನ್ನುತ್ತಿದ್ದರು. ಮೇಡಂ ಹೇಳಿದರು: “ಸರ್, ಒಂದು ಮನೆ ತುಂಬ ಅಜ್ಜ ಅಜ್ಜಿ ಇದ್ದಾರೆ, ಎಲ್ಲರೂ ದಷ್ಟಪುಷ್ಟವಾಗಿದ್ದಾರೆ, ಆದ್ರೆ ಎಷ್ಟೋ ವರ್ಷದಿಂದ ಆ ಮನೇಲಿ ತೊಟ್ಟಿಲೇ ಕಟ್ಟಿಲ್ಲ ಅಂದ್ರೆ ಆ ಮನೆ ಚೆನ್ನಾಗಿದೆ ಅಂತೀರಾ?”

ಸಾಹೇಬರಿಗೆ ಮಾತು ನಾಟಿತು. ಕೆಂರೆಕ್ಕೆ ಮೊಟ್ಟೆಯಿಡುವುದು ಮೇಲಿನ ಹೊಳೆಯ ನುರುಜುಗಲ್ಲಿನ ತೆಳುನೀರಿನಲ್ಲಿ. ಹಿಂದೆಲ್ಲ ಕಟ್ಟೆಯ ಕಲ್ಲುಗಳ ನಡುವೆ ಸಂದಿಗಳಿದ್ದುವು, ಮಳೆಗಾಲದಲ್ಲಿ ಮೀನು ಹೇಗೋ ನುಸುಳಿ ಮೇಲೆ ಹೋಗುತ್ತಿತ್ತು. ನೀರು ಪೋಲಾಗದಿರಲೆಂದು ಕಟ್ಟೆಗೆ ಗಾರೆ ಮೆತ್ತಿ ಎತ್ತರಿಸಿದಂದಿನಿಂದ ದಾರಿ ಮುಚ್ಚಿಹೋಗಿತ್ತು. ಬದುಕಿದ್ದ ಮೀನುಗಳೆಲ್ಲ ಅದಕ್ಕೂ ಮೊದಲು ಹುಟ್ಟಿದವು. ಅವು ಸತ್ತರೆ ಕೆಂರೆಕ್ಕೆಯ ಕಥೆ ಮುಗಿಯಿತು. “ಆದರೆ ಕಟ್ಟೆ ಒಡೆಯೋ ಹಾಗಿಲ್ಲವಲ್ಲಮ್ಮಾ, ಪೇಟೆಯವರು ನಮ್ಮನ್ನ ಒಡೀತಾರೆ” ಎಂದರು ಸಾಹೇಬರು. ಒಡೆಯುವುದು ಬೇಡ, ಪಕ್ಕದಲ್ಲಿ ದಾರಿ ಮಾಡೋಣ ಎಂದು ಮೇಡಂ ನೀರು ಸರಬರಾಜು ಕಚೇರಿಗೆ ಹೊರಟರು.

ಅಲ್ಲಿ ಅವರಿಗೆ ಎದುರಾದವರು ಒಬ್ಬ ತರುಣ ಇಂಜಿನಿಯರ್. ಕಿವಿಯ ಹಿಂದೆ ಪೆನ್ಸಿಲ್, ಮೇಜಿನ ಮೇಲೆ ತಣ್ಣಗಾದ ಚಹಾ, ಮಾತಿನಲ್ಲಿ ಕೊಂಚ ಕೊಂಕು. ಮೇಡಂ ಅರ್ಧ ಗಂಟೆ ವಿವರಿಸಿದ್ದನ್ನು ಕೇಳಿ ಆತ, “ಎಲ್ಲ ಸರಿ, ಮೀನುಗಳು ಅರ್ಜಿ ಹಾಕಿವೆಯೋ?” ಎಂದರು. “ಹಾಕಿವೆ, ನಾನೇ ಅದು” ಎಂದು ಮೇಡಂ ಎದುರಿನ ಕುರ್ಚಿ ಎಳೆದುಕೊಂಡು ಕೂತುಬಿಟ್ಟರು. ಕೊಂಕಿನ ಮನುಷ್ಯನಾದರೂ ಇಂಜಿನಿಯರ್ ಕೆಲಸದಲ್ಲಿ ಶ್ರದ್ಧೆಯುಳ್ಳವರು. ಪುಸ್ತಕಗಳನ್ನು ತಿರುವಿ, ನಕ್ಷೆ ಬರೆದು, ಮೇಲಧಿಕಾರಿಗಳನ್ನು ಒಪ್ಪಿಸಿ, ಕಟ್ಟೆಯ ಬಲಬದಿಗೆ ಕಾಂಕ್ರೀಟಿನ ಮೆಟ್ಟಿಲುಗಳನ್ನು ಕಟ್ಟಿಸಿಯೇಬಿಟ್ಟರು. ಪ್ರತಿ ಮೆಟ್ಟಿಲೂ ಒಂದು ಸಣ್ಣ ತೊಟ್ಟಿ. ಮೀನು ತೊಟ್ಟಿಯಿಂದ ತೊಟ್ಟಿಗೆ ಹಾರುತ್ತ ಮೇಲೇರಬೇಕೆಂಬುದು ಲೆಕ್ಕಾಚಾರ.

ಮಳೆಗಾಲ ಬಂತು, ಹೊಸನೀರು ಬಂತು, ಮೆಟ್ಟಿಲುಗಳ ಮೇಲೆ ನೀರು ಚೆಂದವಾಗಿ ಇಳಿಯಿತು. ಒಂದು ಮೀನೂ ಹತ್ತಲಿಲ್ಲ. ಕಪ್ಪೆಗಳು ಮಾತ್ರ ಮೆಟ್ಟಿಲಿಗೊಂದರಂತೆ ಕೂತು ಸುಖಪಟ್ಟವು. ಮರುವರ್ಷವೂ ಅದೇ ಕಥೆ. ಪತ್ರಿಕೆಯಲ್ಲಿ ವ್ಯಂಗ್ಯಚಿತ್ರ ಬಂತು: ಮೀನೊಂದು ಊರುಗೋಲು ಹಿಡಿದು, “ಮೊಣಕಾಲು ನೋವು, ಲಿಫ್ಟ್ ಇಲ್ವಾ?” ಎಂದು ಕೇಳುತ್ತಿತ್ತು. ಮೇಡಂ ಆ ಚಿತ್ರವನ್ನು ಕತ್ತರಿಸಿ ತಮ್ಮ ಮೇಜಿನ ಮುಂದಿನ ಗೋಡೆಗೆ ಅಂಟಿಸಿಕೊಂಡರು. ನಗು ಬಂದಿದ್ದು ನಿಜ. ಒಳಗೊಳಗೆ ದಿಗಿಲು ಹತ್ತಿದ್ದೂ ನಿಜ. ಬಲೆಗೆ ಬೀಳುವ ಮುದಿ ಮೀನುಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದುವು.

ಇನ್ನೊಬ್ಬರಾಗಿದ್ದರೆ ಕೈಚೆಲ್ಲುತ್ತಿದ್ದರೇನೋ. ಮೇಡಂ ಕಟ್ಟೆಯ ಬುಡದಲ್ಲಿ, ಈ ದಡದಿಂದ ಆ ದಡದವರೆಗೆ, ಅಂಗುಲ ಅಂಗುಲ ಜಾಗವನ್ನೂ ಕಾಲಿನಿಂದ ತಡವುತ್ತ ನಡೆದರು. ಕೆಂಪು, ಹಳದಿ ನೂಲನ್ನು ಮೀನಿನ ಬೆನ್ನಿಗೆ ಕಟ್ಟಿ ಬಿಟ್ಟು ಯಾವುದು ಎಲ್ಲಿ ಸೇರುತ್ತದೆಂದು ನೋಡಿದರು. ನೂಲು ತಂದೆಯವರ ಅಂಗಡಿಯದೇ. ಆಗ ಗೊತ್ತಾಯಿತು: ಮೆಟ್ಟಿಲುಗಳಿದ್ದದ್ದು ಬಲಬದಿಗೆ, ಮೀನುಗಳು ನೆರೆಯುತ್ತಿದ್ದದ್ದು ಎಡಬದಿಗೆ. ಅಲ್ಲಿ ಕಟ್ಟೆಯ ಬುಡ ಬಿರುಕು ಬಿಟ್ಟು ನೀರು ರಭಸವಾಗಿ ಸೋರುತ್ತಿತ್ತು. ಹರಿವಿನ ಸೆಳೆತವಿದ್ದಲ್ಲಿ ದಾರಿಯಿದೆಯೆಂದು ನಂಬಿ ಮೀನು ಅಲ್ಲಿಗೇ ಹೋಗುತ್ತಿತ್ತು. ಇದನ್ನು ಕೇಳಿ ಇಂಜಿನಿಯರ್ ಸಂತೋಷಪಟ್ಟು, “ಹಾಗಾದ್ರೆ ಸುಲಭ, ಆ ಸೋರಿಕೆ ಮುಚ್ಚಿಸಿಬಿಡ್ತೀನಿ. ಆಗ ನಿಮ್ಮ ಮೀನು ವಿಧಿಯಿಲ್ಲದೆ ಈ ಕಡೆ ಬರುತ್ತೆ” ಎಂದರು.

“ಮುಚ್ಚಿದ್ರೆ ಅವು ಗೋಡೆಗೆ ತಲೆ ಚಚ್ಚಿಕೊಂಡು ಸಾಯ್ತವೆ ಅಷ್ಟೇ. ಮೀನು ಇರೋ ಕಡೆ ದಾರಿ ಮಾಡಿ, ದಾರಿ ಇರೋ ಕಡೆ ಮೀನು ಕರೀಬೇಡಿ.”

“ಮೇಡಂ, ಕಟ್ಟಿರೋದು ಕಾಂಕ್ರೀಟು. ಅದನ್ನೇನು ಮಡಚಿ ಆ ಕಡೆ ಇಡೋಕಾಗುತ್ತಾ?”

“ನೀವು ಯಾವತ್ತಾದ್ರೂ ಆ ನೀರಿಗೆ ಇಳಿದಿದ್ದೀರಾ?”

ಇಂಜಿನಿಯರ್ ಇಳಿದಿರಲಿಲ್ಲ. ಕಟ್ಟೆಯನ್ನು ಅವರು ಮೇಲಿನಿಂದಲೇ ನೋಡಿದ್ದು. ಮಾತು ಹಠಕ್ಕೆ ಬಿತ್ತು; ಮರುದಿನ ಬೆಳಿಗ್ಗೆ ಮೇಡಂ ಅವರ ಹಳೆಯ ತೇಪೆಯ ಉಡುಪನ್ನೇ ಹೇಗೋ ಮೈಗೇರಿಸಿಕೊಂಡು ಆ ಮನುಷ್ಯ ಹೊಳೆಗಿಳಿದರು. ಎರಡು ಹೆಜ್ಜೆ ಗಾಂಭೀರ್ಯದಿಂದ ಇಟ್ಟರು, ಮೂರನೆಯದು ಪಾಚಿಗಲ್ಲಿನ ಮೇಲೆ ಬಿತ್ತು. ಕಿವಿಯ ಹಿಂದಿನ ಪೆನ್ಸಿಲ್ಲು ತೇಲಿಹೋಯಿತು. ಮೇಡಂ ತೋಳು ಹಿಡಿದೆತ್ತಿ ಎಡಬದಿಯ ಸೋರಿಕೆಯ ಮುಂದೆ ತಂದು ನಿಲ್ಲಿಸಿ, “ಸುಮ್ಮನೆ ನಿಂತ್ಕೊಳ್ಳಿ, ಏನೂ ಮಾತಾಡಬೇಡಿ” ಎಂದರು.

ಕದಡಿದ ನೀರಿನಲ್ಲಿ ಕಣ್ಣಿಗೇನೂ ಕಾಣುತ್ತಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಇಂಜಿನಿಯರ್ ಅವರ ಮೀನಖಂಡಕ್ಕೆ ಏನೋ ತಾಗಿತು. ಮತ್ತೊಂದು ತಾಗಿತು. ಆಮೇಲೆ ಎರಡೂ ಕಾಲುಗಳ ಸುತ್ತ, ತೊಡೆಗಳ ನಡುವೆ, ಒಂದರ ಮೇಲೊಂದು ಬಲವಾದ ಮೈಗಳು ಒತ್ತುತ್ತ, ಜಾರುತ್ತ, ಹಿಂದೆ ಸರಿದು ಮತ್ತೆ ಮುನ್ನುಗ್ಗುತ್ತ ಕಲ್ಲುಗೋಡೆಯನ್ನು ತಳ್ಳುತ್ತಿದ್ದುವು. ಇಂಜಿನಿಯರ್ ಮುಖದ ಮೇಲಿನ ಕೊಂಕೆಲ್ಲ ಇಳಿದುಹೋಯಿತು.

“ಅಲ್ರೀ…” ಎಂದರು ಪಿಸುಮಾತಿನಲ್ಲಿ. “ಇವು ತಳ್ತಾ ಇವೆ. ನನ್ನ ಕಟ್ಟೇನ ತಳ್ತಾ ಇವೆ.”

“ಹೂಂ. ಎಷ್ಟು ವರ್ಷದಿಂದ ತಳ್ತಾ ಇವೆಯೋ.”

ಆ ದಿನ ಕಚೇರಿಗೆ ಮರಳಿದ ಇಂಜಿನಿಯರ್ ತಾವೇ ಕಟ್ಟಿಸಿದ ಮೆಟ್ಟಿಲುಗಳ ನಕ್ಷೆಯನ್ನು ಮಡಚಿಟ್ಟು ಹೊಸ ಹಾಳೆ ತೆಗೆದರು. ಈ ಸಲ ಕಾಂಕ್ರೀಟಿನ ಮೆಟ್ಟಿಲಲ್ಲ, ಎಡದಡವನ್ನು ಬಳಸಿಕೊಂಡು ಅಂಕುಡೊಂಕಾಗಿ ಹತ್ತುವ, ಗುಂಡುಕಲ್ಲು ಹಾಸಿದ, ತೊರೆಯಂಥದ್ದೇ ಒಂದು ಕಾಲುವೆ. ಅದರ ಬಾಯಿ ಮೀನು ನೆರೆಯುವ ಜಾಗಕ್ಕೇ ತೆರೆಯುವಂತೆ. ನಕ್ಷೆಯೇನೋ ಸೊಗಸಾಗಿತ್ತು. ತೊಡಕೊಂದೇ: ಎಡದಡದಲ್ಲಿ ಇದ್ದದ್ದು ನೀರು ಸರಬರಾಜು ನೌಕರರ ವಾಲಿಬಾಲ್ ಅಂಗಳ.

ಪಂಪುಮನೆಯ ನೌಕರರಿಗೆ ಆ ಅಂಗಳವೆಂದರೆ ಉಸಿರು. ಅವರ ತಂಡದ ನಾಯಕ, ಪಂಪ್ ಆಪರೇಟರ್, ಬಾಗಿಲಷ್ಟು ಅಗಲದ ಮನುಷ್ಯ. ಬಲೆಯ ಕಂಬವನ್ನು ತಬ್ಬಿ ನಿಂತು, “ಮೊದಲು ನನ್ನ ಮೇಲೆ ಕಾಲುವೆ ತೋಡಿ” ಎಂದ. ಮೇಡಂ ವಾದಿಸಲು ಹೋಗಲಿಲ್ಲ. ನೌಕರರ ಬೇಸರ ನ್ಯಾಯವಾದದ್ದೆಂದು ಅವರಿಗೆ ಅನ್ನಿಸಿತ್ತು. ನೇರ ಗುಲಾಬಿ ಸಾಹೇಬರ ಬಳಿಗೆ ಬಂದು, ಕೇಂದ್ರದ ಮುಂದಿನ ಅಂಗಳವನ್ನು ವಾಲಿಬಾಲಿಗೆ ಬಿಟ್ಟುಕೊಡಬೇಕೆಂದು ಕೇಳಿದರು. ಸಾಹೇಬರು ಕಿಟಕಿಯಾಚೆ ಅರಳಿನಿಂತ ಗಿಡಗಳನ್ನು ಬಹಳ ಹೊತ್ತು ನೋಡಿದರು. “ನನ್ನ ಗುಲಾಬಿ ಎಲ್ಲಿಗೆ ಹೋಗಬೇಕಮ್ಮಾ?” “ಹಿತ್ತಿಲಿಗೆ ಸರ್. ಜಾಗ ನಾನೇ ಅಗೆದುಕೊಡ್ತೀನಿ. ಮೀನಿನ ತೊಟ್ಟಿಯ ಹಳೇ ನೀರು ಹಾಕಿದ್ರೆ ಈಗಿನದಕ್ಕಿಂತ ದುಪ್ಪಟ್ಟು ಬಿಡ್ತವೆ.” ಅಗೆದೂ ಕೊಟ್ಟರು. ಗಿಡಗಳು ಸ್ವಲ್ಪ ದಿನ ಮುನಿಸಿಕೊಂಡಂತಿದ್ದು ಆಮೇಲೆ ಎಂದೂ ಬಿಡದಷ್ಟು ಹೂ ಬಿಟ್ಟವು. ವಾಲಿಬಾಲ್ ತಂಡ ನಮ್ಮ ಅಂಗಳಕ್ಕೆ ಬಂದಿತು. ನಮ್ಮ ಕಿಟಕಿಯ ಗಾಜುಗಳು ಒಂದೊಂದಾಗಿ ಹೋದವು. ಕಾಲುವೆಯ ಕೆಲಸ ಶುರುವಾಯಿತು.

ಕಾಲುವೆ ಮುಗಿದ ವರ್ಷವೇ ಬೇಸಿಗೆ ಬೆಂಕಿಯಾಯಿತು. ಹೊಳೆ ಸೊರಗಿತು, ಪೇಟೆಯ ನಲ್ಲಿಗಳು ಬಿಕ್ಕತೊಡಗಿದವು. ಇದ್ದ ನೀರಿನಲ್ಲಿ ಒಂದಿಷ್ಟು ಮೀನಿನ ಕಾಲುವೆಗೆ ಹೋಗುವುದೆಂಬ ಸುದ್ದಿ ಹರಡಿ ಜನ ಸಿಟ್ಟಾದರು. ಕಾಲುವೆಯ ಬಾಗಿಲನ್ನು ಶಾಶ್ವತವಾಗಿ ಮುಚ್ಚಿಬಿಡಬೇಕೆಂಬ ಠರಾವಿಗೆ ಪುರಸಭೆ ಸಭೆ ಕರೆಯಿತು. ನೀರಿನ ಸುಳಿಗೆ ಹೆದರದ ಮೇಡಂ ಮೈಕಿಗೆ ಹೆದರುತ್ತಿದ್ದರು. ಆದರೂ ವೇದಿಕೆ ಹತ್ತಿದರು. ಅವರಿಗೊಂದು ವಿಷಯ ಖಚಿತವಾಗಿ ಗೊತ್ತಿತ್ತು. ಹುರುಪೆಯ ಉಂಗುರಗಳ ಪ್ರಕಾರ ಉಳಿದ ಮೀನುಗಳಿಗೆ ಮೊಟ್ಟೆಯಿಡುವ ಕಸುವಿದ್ದದ್ದು ಆ ಒಂದು ಮಳೆಗಾಲ, ಹೆಚ್ಚೆಂದರೆ ಇನ್ನೊಂದು.

ಅಧ್ಯಕ್ಷರು ಮೇಜು ಕುಟ್ಟಿ, “ಮನುಷ್ಯರಿಗೆ ಕುಡಿಯೋಕೆ ನೀರಿಲ್ಲ, ಮೀನಿಗೆ ಕಾಲುವೆ ಯಾಕ್ರೀ?” ಎಂದು ಗುಡುಗಿದರು. ಸಭೆ ಚಪ್ಪಾಳೆ ತಟ್ಟಿತು.

ಮೇಡಂ ಮೈಕನ್ನು ಪಕ್ಕಕ್ಕೆ ಸರಿಸಿ ಬರಿದನಿಯಲ್ಲೇ ಹೇಳಿದರು: “ನೀವು ಹೇಳೋದು ಸರಿ. ನಮ್ಮ ಮನೆ ನಲ್ಲೀಲೂ ನೀರಿಲ್ಲ, ನಮ್ಮಮ್ಮ ನನಗೆ ದಿನಾ ಬೈತಿದ್ದಾರೆ. ಬೇಸಿಗೆಯಿಡೀ ಬಾಗಿಲು ಮುಚ್ಚಿ, ಒಂದು ಹನೀನೂ ಬಿಡಬೇಡಿ. ಮಳೆ ಬಿದ್ದು ಹೊಸನೀರು ಬಂದು ಮೀನು ಕಟ್ಟೆ ಹತ್ತಿರ ಸೇರಿದಾಗ ಮಾತ್ರ ತೆಗೀರಿ. ಆಗ ಹೊಳೇಲಿ ನೀರಿಗೇನು ಬರಗಾಲ? ಕಟ್ಟೆ ಮೇಲೆ ಹರಿದು ಹೋಗೋ ನೀರು ಕಾಲುವೇಲಿ ಹೋದ್ರೆ ಯಾರ ಕೊಡ ಖಾಲಿಯಾಗುತ್ತೆ?”

ಸಭೆಯಲ್ಲಿ ಗುಸುಗುಸು ಎದ್ದಿತು. ಅಧ್ಯಕ್ಷರು ಸುಲಭಕ್ಕೆ ಬಿಡುವವರಲ್ಲ. “ಮೀನು ಬಂತು ಅಂತ ಬಂದು ಹೇಳೋರು ಯಾರು? ಅವೇನು ಗಂಟೆ ಬಾರಿಸ್ತವಾ?”

ಹಿಂದಿನ ಸಾಲಿನಿಂದ ಬಾಗಿಲಷ್ಟು ಅಗಲದ ಮನುಷ್ಯನೊಬ್ಬ ಎದ್ದು ನಿಂತ. “ನಾವು ಹೇಳ್ತೀವಿ” ಎಂದ ಪಂಪ್ ಆಪರೇಟರ್. “ಪಂಪುಮನೇಲಿ ಯಾವಾಗ್ಲೂ ಯಾರಾದ್ರೂ ಇದ್ದೇ ಇರ್ತೀವಿ. ಆಟದ ಜಾಗಾನೇ ಕೊಟ್ಟಿದ್ದೀವಿ ಸ್ವಾಮಿ. ಅಷ್ಟು ಕೊಟ್ಟ ಮೇಲೆ ಅಲ್ಲಿ ಮೀನು ಹತ್ತೋದನ್ನ ನೋಡದೆ ಬಿಡ್ತೀವಾ?”

ನಗೆಯ ನಡುವೆ ಠರಾವು ಬಿದ್ದುಹೋಯಿತು. ಬೇಸಿಗೆ ಕಳೆಯುವವರೆಗೆ ಬಾಗಿಲು ಮುಚ್ಚಿತ್ತು. ಕೊಟ್ಟ ಮಾತಿನಂತೆ ಮೇಡಂ ಅದರ ತಂಟೆಗೆ ಹೋಗಲಿಲ್ಲ. ಮೋಡ ಕಟ್ಟುವುದನ್ನೇ ಕಾಯುತ್ತ, ಊಟದ ಡಬ್ಬಿ ತೆರೆದು ಮುಚ್ಚುತ್ತ, ಅವರು ಆ ದಿನಗಳನ್ನು ಹೇಗೆ ಕಳೆದರೆಂಬುದನ್ನು ಕಂಡವರು ಇನ್ನೂ ನಮ್ಮಲ್ಲಿದ್ದಾರೆ.

ಕೊನೆಗೊಂದು ಬೆಳಿಗ್ಗೆ ಕೇಂದ್ರದ ದೂರವಾಣಿ ಬಡಿದುಕೊಂಡಿತು. ಮೇಡಂ ಎತ್ತಿದರೆ ಆ ಕಡೆಯಿಂದ ಒಂದೇ ಕೂಗು: “ಬಂದ್ವು ಮೇಡಂ! ಬಾಗಿಲು ತೆಗೆದಿದ್ದೀವಿ, ಓಡಿ ಬನ್ನಿ!” ಜೀಪು ಕೆಟ್ಟು ನಿಂತಿತ್ತು. ನಮ್ಮ ಸಾಹೇಬರ ಸ್ಕೂಟರಿನ ಹಿಂದೆ ಕೂತು, ಒಂದು ಕಾಲಿಗೆ ಬೂಟು ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು ಮೇಡಂ ಕಟ್ಟೆ ತಲುಪಿದರು. ತಂದೆಯವರೂ ಅಂಗಡಿ ಮುಚ್ಚಿ, ಹೆಗಲ ಮೇಲೆ ಅಳತೆಪಟ್ಟಿ ಹಾಗೇ ಇರಲು, ಬಂದಿದ್ದರು. ಕಾಲುವೆಯ ಎರಡೂ ದಡದಲ್ಲಿ ಪಂಪುಮನೆಯವರು ಕುಕ್ಕರುಗಾಲಿನಲ್ಲಿ ಕೂತಿದ್ದರು.

ಕೆಂಪು ನೀರಿನಲ್ಲಿ ಮೊದಲು ಒಂದು ಬೆನ್ನು ಕಂಡಿತು. ಗುಂಡುಕಲ್ಲಿನ ಪಕ್ಕ ಸ್ವಲ್ಪ ನಿಂತಿತು, ಬಾಲ ಬೀಸಿತು, ಮುಂದಿನ ಕಲ್ಲಿನ ಮರೆಗೆ ಹೋಯಿತು. ಅದರ ಹಿಂದೆ ಇನ್ನೊಂದು. ಆಮೇಲೆ ಕಾಲುವೆಯ ತುಂಬ ಕೆಂಪು ರೆಕ್ಕೆಗಳು. ತಿರುವಿನಲ್ಲಿ ದಣಿವಾರಿಸಿಕೊಳ್ಳುವವು, ದಣಿವಾರಿಸಿಕೊಳ್ಳುವವನ್ನು ದಾಟಿ ಹೋಗುವವು, ಜಾರಿ ಹಿಂದೆ ಬಿದ್ದು ಮತ್ತೆ ಹೊರಡುವವು. ಮೇಲಿನ ಬಾಗಿಲು ದಾಟಿ ಮೊದಲ ಮೀನು ಕಟ್ಟೆಯಾಚೆಯ ಹರವಿನಲ್ಲಿ ಕಣ್ಮರೆಯಾದಾಗ ಪಂಪ್ ಆಪರೇಟರ್ ಪಂದ್ಯ ಗೆದ್ದವನಂತೆ ಎರಡೂ ಕೈ ಮೇಲೆತ್ತಿ ಕುಣಿದ. ಇಂಜಿನಿಯರ್ ಕಾಲುವೆಯ ಅಂಚಿನಲ್ಲಿ ಮಂಡಿಯೂರಿ ಕೂತು ಎಣಿಸಲು ತೊಡಗಿ, ನಡುವೆ ಲೆಕ್ಕ ತಪ್ಪಿ, ಕೊನೆಗೆ ಎಣಿಸುವುದನ್ನೇ ಬಿಟ್ಟು ಕನ್ನಡಕ ಒರೆಸಿಕೊಂಡರು. ಮೇಡಂ ಅಳುತ್ತಿದ್ದರೋ ನಗುತ್ತಿದ್ದರೋ ನೋಡಿದವರಲ್ಲಿ ಇಂದಿಗೂ ಒಮ್ಮತವಿಲ್ಲ. ತಂದೆಯವರು ಮಾತ್ರ ಮಗಳ ಕಾಲು ನೋಡಿ, “ಬೂಟು ಎರಡೂ ಕಾಲಿಗೆ ಹಾಕ್ಕೊಳ್ಳಮ್ಮಾ, ಜನ ಇದ್ದಾರೆ” ಎಂದರು.

ಆದರೂ ಮೀನು ಹತ್ತಿದ ಮಾತ್ರಕ್ಕೆ ಗೆದ್ದಂತಲ್ಲವೆಂಬುದು ಮೇಡಂ ಅವರಿಗೆ ತಿಳಿದಿತ್ತು. ಮಳೆ ಹಿಂದೆಗೆದು ನೀರು ತಿಳಿಯಾದ ಮೇಲೆ ಅವರು ಮೇಲಿನ ಹೊಳೆಗೆ ಹೋಗಿ, ನುರುಜುಗಲ್ಲಿನ ಅಂಚಿನಲ್ಲಿ ಸೊಳ್ಳೆಪರದೆಯಷ್ಟು ಸಣ್ಣ ಕಣ್ಣಿನ ಬಲೆಯನ್ನು ನಿಧಾನವಾಗಿ ಎತ್ತಿದರು. ಬಲೆಯ ಮಡಿಕೆಯಲ್ಲಿ ಬೆರಳಿಗಿಂತ ಚಿಕ್ಕದಾದ, ಗಾಜಿನಂತೆ ಪಾರದರ್ಶಕವಾದ ಮರಿಗಳು ಮಿಡುಕುತ್ತಿದ್ದುವು. ಈಜುರೆಕ್ಕೆಯ ತುದಿಯಲ್ಲಿ ಇನ್ನೂ ಬಣ್ಣವೇರಿರಲಿಲ್ಲ; ಬೆಳಕಿಗೆ ಹಿಡಿದರೆ ಮಾತ್ರ ಕೆಂಪಿನ ಒಂದು ಎಳೆ. ಮೇಡಂ ಬೊಗಸೆಯಲ್ಲಿ ನೀರಿನ ಸಮೇತ ಒಂದಿಷ್ಟನ್ನು ತೆಗೆದುಕೊಂಡು ನೋಡಿ, ಬಗ್ಗಿ, ಹೊಳೆಗೇ ಬಿಟ್ಟರು. ಉಂಗುರ ಎಣಿಸುವ ಅಗತ್ಯ ಬೀಳದ ಕೆಂರೆಕ್ಕೆಗಳು ಅವರ ಕೈಗೆ ಬಂದದ್ದು ಅದೇ ಮೊದಲು.

ಆ ದಿನ ಜೊತೆಗಿದ್ದ ಇಂಜಿನಿಯರ್ ಹರಿವಿನ ಆಳ ನೋಡಲು ಅಳತೆಕೋಲು ಹಿಡಿದು ನೀರಿನ ನಡುವೆ ನಿಂತಿದ್ದರು. ಅಲ್ಲಿಂದಲೇ ಕೇಳಿದರು: “ಮೇಡಂ, ಮೀನಿಗೇನೋ ದಾರಿ ಆಯ್ತು. ಇನ್ನು ನಮ್ಮಿಬ್ಬರ ವಿಷಯ?”

ಮೇಡಂ ತಲೆಯೆತ್ತದೆ, “ಮೊದಲು ಆ ಕೋಲು ನೆಟ್ಟಗೆ ಹಿಡೀರಿ” ಎಂದರು. ಕೋಲು ನೆಟ್ಟಗಾಯಿತು. ಅಳತೆ ಬರೆದುಕೊಂಡ ಮೇಲೆ, “ಆಗಲಿ” ಎಂದರು. ಮನೆಯಲ್ಲಿ ಸುದ್ದಿ ಹೇಳಿದಾಗ ತಾಯಿಯವರು ಕೈಲಿದ್ದ ಅಂಗಿಯ ಗುಂಡಿ ಹೊಲಿದು ದಾರ ಕಚ್ಚಿ ಕಡಿದು ಹೇಳಿದ ಮಾತು ನಮ್ಮ ಕೇಂದ್ರದಲ್ಲಿ ಇಂದಿಗೂ ಪ್ರಸಿದ್ಧ: “ಇಷ್ಟು ವರ್ಷ ಬಲೆ ಬೀಸಿದ್ದಕ್ಕೆ ಮನೆಗೆ ಅಂತ ತಂದಿದ್ದು ಇದೊಂದೇ. ಇದನ್ನಾದ್ರೂ ವಾಪಸ್ ನೀರಿಗೆ ಬಿಡಬೇಡ.”

ಮುಂದಿನ ವರ್ಷಗಳ ಸಾಧನೆಗಳನ್ನು ಈ ಸಂಪುಟದ ಇತರ ಲೇಖಕರು ವಿವರವಾಗಿ ಬರೆದಿದ್ದಾರೆ. ಬೇರೆ ಹೊಳೆಗಳ ಕಟ್ಟೆಗಳಿಗೂ ಅಂಥ ಕಾಲುವೆಗಳಾದವು, ಮೊಟ್ಟೆಯಿಡುವ ತಿಂಗಳುಗಳಲ್ಲಿ ಬೆಸ್ತರು ತಾವಾಗಿಯೇ ಬಲೆ ಮಡಚಿಡುವ ಒಪ್ಪಂದವಾಯಿತು, ಮೇಡಂ ನಿರ್ದೇಶಕರಾದರು. ನಮ್ಮ ಮನಸ್ಸಿನಲ್ಲಿ ಉಳಿದಿರುವುದು ಮಾತ್ರ ಸಣ್ಣ ಸಂಗತಿಗಳು. ಹೊಳೆಗೆ ಹೊರಟಾಗಲೆಲ್ಲ ಅವರ ಚೀಲದಲ್ಲಿ ಎರಡು ಜೊತೆ ಒಣ ಕಾಲುಚೀಲ ಇರುತ್ತಿದ್ದುವು. ಒಂದು ತಮಗೆ, ಒಂದು ತರುವುದನ್ನು ಮರೆತವರಿಗೆ. ನೀರಿನಿಂದ ಕೊನೆಗೆ ಹೊರಬಂದವರಿಗೆ ಮೊದಲ ಲೋಟ ಚಹಾ ಎಂಬುದು ಅವರ ಕಾನೂನು. ಸಭೆಯಲ್ಲಿ ನಮ್ಮ ತಪ್ಪನ್ನು ಎಂದೂ ಎತ್ತಿ ಆಡಿದವರಲ್ಲ. ಜೀಪಿನಲ್ಲಿ ಬರುವಾಗ ಮಾತ್ರ ಊರು ಮುಟ್ಟುವವರೆಗೂ ಬಿಟ್ಟವರಲ್ಲ.

ನಮ್ಮ ಸಂಶೋಧಕಿಯೊಬ್ಬಳು ಹೆರಿಗೆಯಾಗಿ, ಮಗುವನ್ನು ನೋಡಿಕೊಳ್ಳುವವರಿಲ್ಲದೆ, ರಾಜೀನಾಮೆ ಬರೆದುಕೊಂಡು ಬಂದಿದ್ದಳು. ಮೇಡಂ ಅದನ್ನು ಓದಿ, ಎದ್ದು, ಬಲೆ ಒಣಗಿಸುವ ಕೋಣೆಗೆ ಹೋಗಿ ಬಲೆಗಳನ್ನೆಲ್ಲ ಹೊರಗೆ ಹಾಕಿಸಿ, ಗೋಡೆಗೆ ಸುಣ್ಣ ಬಳಿಸಿ, ತಮ್ಮ ಕೋಣೆಯ ಫ್ಯಾನನ್ನು ಬಿಚ್ಚಿಸಿ ಅಲ್ಲಿ ಹಾಕಿಸಿದರು. “ತಾಯಂದಿರಿಗೆ ದಾರಿ ಮಾಡಿಕೊಡೋದೇ ನಮ್ಮ ಇಲಾಖೆ ಕೆಲಸ ಕಣೇ” ಎಂದು ನಕ್ಕು ರಾಜೀನಾಮೆಯನ್ನು ಅವಳ ಕೈಗೇ ವಾಪಸು ಕೊಟ್ಟರು. ಆ ಮಗು ಮೀನಿನ ತೊಟ್ಟಿಗಳ ಗುಳುಗುಳು ಸದ್ದಿಗೇ ನಿದ್ದೆ ಹೋಗಿ, ಮನೆಯ ನಿಶ್ಶಬ್ದದಲ್ಲಿ ಮಲಗಲಾರದೆ ಅಪ್ಪ ಅಮ್ಮನನ್ನು ಗೋಳುಹೊಯ್ದುಕೊಂಡಿತೆಂಬುದು ಬೇರೆ ಮಾತು. ಮೇಡಂ ಆ ಬೇಸಿಗೆಯನ್ನು ಕೈಬೀಸಣಿಗೆಯಲ್ಲೇ ಕಳೆದರು. ಆ ಕೋಣೆ ಇಂದಿಗೂ ಮಕ್ಕಳ ಕೋಣೆಯೇ. ಬಲೆಗಳು ಇಂದಿಗೂ ಓಣಿಯಲ್ಲೇ ಒಣಗುತ್ತವೆ, ನಾವು ಬಗ್ಗಿಕೊಂಡೇ ಓಡಾಡುತ್ತೇವೆ.

ನಿವೃತ್ತಿಯೆಂಬ ಪದ ಮೇಡಂ ಅವರಿಗೆ ಹೊಂದುವುದು ಕಷ್ಟ. ಈ ಸಂಪುಟಕ್ಕೆ ಭಾವಚಿತ್ರ ತೆಗೆಸಲೆಂದು ಕಳೆದ ವಾರ ಅವರ ಮನೆಗೆ ಹೋದರೆ ಬೀಗ ಹಾಕಿತ್ತು. ಹುಡುಕುತ್ತ ಹೋದಾಗ ಊರಾಚೆಯ ಹಳ್ಳವೊಂದರಲ್ಲಿ, ರಸ್ತೆಯಡಿಯ ಸಿಮೆಂಟು ಕೊಳವೆಯ ಬಾಯಲ್ಲಿ, ಗಂಡ ಹೆಂಡತಿ ಇಬ್ಬರೂ ಮೊಣಕಾಲುದ್ದದ ನೀರಿನಲ್ಲಿ ನಿಂತು ಜಗಳವಾಡುತ್ತಿದ್ದರು. ಕೊಳವೆಯನ್ನು ತೀರ ಎತ್ತರಕ್ಕೆ ಹೂತಿದ್ದಾರೆ, ಸಣ್ಣ ಮೀನು ಒಳಗೆ ನೆಗೆಯಲಾರದು ಎಂಬುದು ಮೇಡಂ ವಾದ; ಕೆಳಗೆ ಕಲ್ಲು ಪೇರಿಸಿ ನೀರಿನ ಮಟ್ಟ ಏರಿಸಿದರೆ ಸಾಕು ಎಂಬುದು ಇಂಜಿನಿಯರ್ ವಾದ. ನಮ್ಮನ್ನು ಕಂಡದ್ದೇ ಮೇಡಂ, “ಫೋಟೋ ಆಮೇಲೆ, ಆ ಕಲ್ಲಿನ ಇನ್ನೊಂದು ತುದಿ ಹಿಡ್ಕೊಳ್ಳಿ” ಎಂದರು. ಈ ಸಂಪುಟದ ಮುಖಪುಟದಲ್ಲಿರುವ ಚಿತ್ರ ಆಮೇಲೆ ಅಲ್ಲಿಯೇ ತೆಗೆದದ್ದು.

ಇಂಥವರಿಗೆ ವಿಶ್ರಾಂತಿಯನ್ನು ಹಾರೈಸಿದರೆ ಅದು ಹಾರೈಕೆಯಾಗದು, ಶಿಕ್ಷೆಯಾದೀತು. ಆದ್ದರಿಂದ ನಮ್ಮ ಪ್ರಾರ್ಥನೆ ಇಷ್ಟೇ: ಮೇಡಂ ಅವರ ಮೊಣಕಾಲುಗಳು ಗಟ್ಟಿಯಾಗಿರಲಿ, ಕಣ್ಣು ಚುರುಕಾಗಿರಲಿ, ಜಗಳಕ್ಕೆ ಜೊತೆಯವರು ಸದಾ ಪಕ್ಕದಲ್ಲಿರಲಿ. ಇನ್ನೂ ಬಹುಕಾಲ, ಮಳೆಗಾಲದಿಂದ ಮಳೆಗಾಲಕ್ಕೆ, ಹೊಸನೀರು ಬಂದಾಗಲೆಲ್ಲ ಅದಕ್ಕೆ ಮೊದಲು ಇಳಿಯುವ ಪಾದಗಳು ಅವರದೇ ಆಗಿರಲಿ, ನಮ್ಮೆಲ್ಲರಿಗಿಂತ ಮುಂದೆ ನಡುಹೊಳೆಯಲ್ಲಿ ನಿಂತು, ಹಿಂತಿರುಗಿ, “ಏನು ದಡದಲ್ಲಿ ನಿಂತು ನೋಡ್ತೀರಿ, ಇಳೀರಿ!” ಎಂದು ಅವರು ಕೂಗುತ್ತಿರಲಿ. ನಾವು ಇಳಿಯುತ್ತೇವೆ.